ಬ್ಯಾಟರಿ ಬ್ಲೋವರ್ ಫುಲ್ ಸ್ಪೀಡಿನಲ್ಲಿ ಬಂದ್ ಆಗುತ್ತಿದ್ದರೆ

ಡಿಸೆಂಬರ್‌ನಲ್ಲಿ ಅರೇಬಿಕಾ ಕಾಫಿ ಒಣಹಾಕುವ ಕಣದ ತುಂಬ ಸಿಲ್ವರ್ ಓಕ್ ಎಲೆ. ಅದಕ್ಕೇ ಗಾಳಿ ಊದಿ ಎಲೆ ತಳ್ಳುವ 20 ವೋಲ್ಟ್ ಬ್ಯಾಟರಿ ಬ್ಲೋವರ್ ಇಟ್ಟುಕೊಂಡಿದ್ದೇವೆ. ಕಡಿಮೆ ಸ್ಪೀಡಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಫುಲ್ ಒತ್ತಿದರೆ ಹತ್ತು ಸೆಕೆಂಡಿಗೇ ಬಂದ್. ಬ್ಯಾಟರಿಯಲ್ಲಿ ಮಾತ್ರ ಎಲ್ಲ ಲೈಟೂ ಉರಿಯುತ್ತಿತ್ತು.

ಚಳಿಗಿರಬೇಕು ಅಂತ ಬ್ಯಾಟರಿಯನ್ನು ಒಲೆ ಹತ್ತಿರ ಇಟ್ಟೆ. ಹಾಗೆ ಮಾಡಲೇಬಾರದು, ಲಿಥಿಯಂ ಬ್ಯಾಟರಿಗೆ ಬಿಸಿ ಅಪಾಯ. ಗಾಳಿ ಎಳೆಯುವ ಜಾಲರಿ ಶುಚಿ ಮಾಡಿದೆ. ರಾತ್ರಿ ಪೂರ್ತಿ ಚಾರ್ಜ್ ಹಾಕಿದೆ. ಯಾವುದೂ ಆಗಲಿಲ್ಲ.

ಟಾರ್ಚ್ ಬಿಟ್ಟು ನೋಡಿದಾಗ ಬ್ಲೋವರ್‌ನಲ್ಲಿ ಬ್ಯಾಟರಿ ಕೂರುವ ಜಾಗದ ತಾಮ್ರದ ಪಟ್ಟಿಗಳ ಮೇಲೆ ತೆಳ್ಳಗೆ ಹಸಿರು ಕಿಲುಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ಇತ್ತಲ್ವಾ, ನಮ್ಮ ಮಳೆಗಾಲದ ತೇವ. ಫುಲ್ ಸ್ಪೀಡಿಗೆ ಕರೆಂಟ್ ಜಾಸ್ತಿ ಬೇಕು. ಕಿಲುಬಿನಲ್ಲಿ ವೋಲ್ಟೇಜ್ ಇಳಿದು ಮಷೀನೇ ಕಟ್ ಮಾಡುತ್ತಿತ್ತು.

ಮೊದಲು ಬ್ಯಾಟರಿ ಬಿಚ್ಚಿಟ್ಟೆ. ಪಟ್ಟಿಗಳ ಎರಡೂ ಬದಿಯನ್ನು ಪೆನ್ಸಿಲ್ ರಬ್ಬರಿನಿಂದ ಹೊಳಪು ಬರುವವರೆಗೆ ಉಜ್ಜಿದೆ. ಉಪ್ಪುಕಾಗದ ಬೇಡ, ಮೇಲಿನ ಲೇಪ ಹೋಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ, ಅರ್ಧ ಗಂಟೆ ಒಣಗಲು ಬಿಟ್ಟೆ. ಬ್ಯಾಟರಿಯ ಸೀಳಿನೊಳಗೆ ಲೋಹದ ಏನನ್ನೂ ಹಾಕಬೇಡಿ, ಶಾರ್ಟ್ ಆಗುತ್ತದೆ. ಒಣಗಿದ ಮೇಲೆ ಬ್ಯಾಟರಿಯನ್ನು ಐದಾರು ಸಲ ಹಾಕಿ ತೆಗೆದೆ. ಒಂದು ನಿಮಿಷ ಕಡಿಮೆ ಸ್ಪೀಡ್, ನಂತರ ಫುಲ್. ಕಣದ ಕೊನೆವರೆಗೂ ನಿಲ್ಲಲಿಲ್ಲ.

ಈಗ ಮಳೆಗಾಲಕ್ಕೆ ಬ್ಯಾಟರಿ ಬಿಚ್ಚಿ, ಅರ್ಧ ಚಾರ್ಜಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಮನೆಯೊಳಗೇ ಇಡುತ್ತೇನೆ.