ನ್ಯಾನಿಯೋ ನರ್ಸರಿಯೋ: ಇಂಗ್ಲೆಂಡಿಗೆ ಹೊಸದಾಗಿ ಬಂದ ತಂದೆತಾಯಿಯರಿಗೆ

ನರ್ಸರಿ ನೋಡಲು ಹೊರಡುವ ಮುನ್ನ ನಿಮ್ಮ ವೀಸಾದ ಷರತ್ತುಗಳನ್ನು ಓದಿಕೊಳ್ಳಿ. ಒಂಬತ್ತು ತಿಂಗಳ ಮಗುವಿಗೂ ವಾರಕ್ಕೆ 30 ಗಂಟೆ ನರ್ಸರಿ ಉಚಿತ ಎಂದು ಕಚೇರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 2025ರ ಸೆಪ್ಟೆಂಬರ್‌ನಿಂದ ದುಡಿಯುವ ತಂದೆತಾಯಿಯರಿಗೆ ಆ ಸೌಲಭ್ಯ ಇರುವುದು ನಿಜ. ಆದರೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸರ್ಕಾರಿ ನೆರವು ಪಡೆಯುವ ಹಕ್ಕಿರುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಆ ಹಕ್ಕಿಲ್ಲದಿದ್ದರೆ ಈ 30 ಗಂಟೆ ನಿಮಗೆ ಸಿಗುವುದಿಲ್ಲ, ಮಗುವಿನ ಪಾಲನೆಯ ಖರ್ಚಿಗೆ ಸರ್ಕಾರ ಒಂದು ಪಾಲು ಸೇರಿಸುವ ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಕೂಡ ಸಿಗುವುದಿಲ್ಲ. ಆ ಉಚಿತ ಗಂಟೆಗಳನ್ನು ನಂಬಿ ಬಜೆಟ್ ಹಾಕಿ ಕಷ್ಟಕ್ಕೆ ಸಿಲುಕಿದ ಕುಟುಂಬಗಳನ್ನು ನೋಡಿದ್ದೇನೆ.

ವೀಸಾ ಯಾವುದೇ ಇರಲಿ, ಮೂರು ತುಂಬಿದ ಎಲ್ಲ ಮಕ್ಕಳಿಗೂ ವರ್ಷದ 38 ವಾರ, ವಾರಕ್ಕೆ 15 ಗಂಟೆ ಉಚಿತ. ಅದು ಹುಟ್ಟುಹಬ್ಬದ ಮರುದಿನವೇ ಶುರುವಾಗುವುದಿಲ್ಲ. ಮೇ ತಿಂಗಳಲ್ಲಿ ಮೂರು ತುಂಬಿದರೆ ಸೆಪ್ಟೆಂಬರ್‌ನಿಂದ. ಅಲ್ಲಿಯವರೆಗೆ ಪೂರ್ತಿ ಶುಲ್ಕ ನಿಮ್ಮದೇ.

ನಿಮ್ಮ ಮನೆಗೇ ಬಂದು ಮಗುವನ್ನು ನೋಡಿಕೊಳ್ಳುವ ನ್ಯಾನಿ ಎಂದರೆ ಊರಿನಲ್ಲಿ ಮನೆಗೆಲಸದವರನ್ನು ಗೊತ್ತುಮಾಡಿಕೊಂಡಷ್ಟು ಸುಲಭ ಎಂದುಕೊಳ್ಳಬೇಡಿ. ಇಲ್ಲಿ ಕಾನೂನಿನ ಪ್ರಕಾರ ನೀವೇ ಅವರ ಮಾಲೀಕರು. ತೆರಿಗೆ ಇಲಾಖೆಯಲ್ಲಿ ನೋಂದಣಿ, ಪ್ರತಿ ಸಂಬಳಕ್ಕೂ ಚೀಟಿ, ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ, ವರ್ಷಕ್ಕೆ 5.6 ವಾರ ಸಂಬಳಸಹಿತ ರಜೆ, ಹಲವು ಸಲ ಪಿಂಚಣಿ ಕೂಡ. 2025ರ ಏಪ್ರಿಲ್‌ನ ಕನಿಷ್ಠ ವೇತನ, ಗಂಟೆಗೆ 12.21 ಪೌಂಡ್, ಲೆಕ್ಕ ಹಿಡಿದರೂ 50 ಗಂಟೆಯ ವಾರಕ್ಕೆ 610 ಪೌಂಡ್ ದಾಟುತ್ತದೆ. ಒಂದೇ ಮಗುವಿರುವವರಿಗೆ ಇದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಬ್ಬರು ಚಿಕ್ಕ ಮಕ್ಕಳಿದ್ದರೆ, ಅಥವಾ ಆಸ್ಪತ್ರೆಯ ರಾತ್ರಿ ಪಾಳಿಯಿದ್ದರೆ ಮಾತು ಬೇರೆ. ನರ್ಸರಿಗಳು ಸಾಮಾನ್ಯವಾಗಿ ಸಂಜೆ ಆರಕ್ಕೆ ಬಾಗಿಲು ಹಾಕುತ್ತವೆ. ನೆರೆಯ ಇನ್ನೊಂದು ಕುಟುಂಬದೊಂದಿಗೆ ಒಬ್ಬರೇ ನ್ಯಾನಿಯನ್ನು ಹಂಚಿಕೊಳ್ಳುವುದಕ್ಕೂ ಅವಕಾಶವಿದೆ.

ನಮ್ಮವರು ಹೆಚ್ಚಾಗಿ ಗಮನಿಸದ ಇನ್ನೊಂದು ದಾರಿ ಚೈಲ್ಡ್‌ಮೈಂಡರ್: ತಮ್ಮ ಮನೆಯಲ್ಲೇ ಕೆಲವೇ ಮಕ್ಕಳನ್ನು ನೋಡಿಕೊಳ್ಳುವ, ನೋಂದಾಯಿತರಾದವರು. ಅಂಜುವ ಸ್ವಭಾವದ ಮಗುವಿಗೆ ದೊಡ್ಡ ನರ್ಸರಿಗಿಂತ ಇದೇ ಹಿತ. ಸರ್ಕಾರಿ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್‌ನ ವರದಿಯನ್ನು ಅದರ ಜಾಲತಾಣದಲ್ಲಿ ಓದಿಕೊಂಡೇ ಮಾತನಾಡಿಸಿ.

ಪರಿಚಯದ ಕನ್ನಡದ ಆಂಟಿಯೊಬ್ಬರು ತಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಾರೆ, ಕೈಗೆ ಹಣ ಕೊಟ್ಟರಾಯಿತು ಎಂಬ ಸಲಹೆ ಬಂದರೆ ಒಪ್ಪಬೇಡಿ. ಸಂಬಂಧಿಕರಲ್ಲದವರು ಹಣ ಪಡೆದು ತಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ಮಗುವನ್ನು ಇಟ್ಟುಕೊಳ್ಳಬೇಕಾದರೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದಿದ್ದರೆ ತೊಂದರೆಗೆ ಸಿಲುಕುವವರು ಆ ಆಂಟಿಯೇ. ಅಜ್ಜ ಅಜ್ಜಿಯರು ಮೊಮ್ಮಕ್ಕಳೊಂದಿಗೆ ಇರಲು ಸಂದರ್ಶಕರ ವೀಸಾದಲ್ಲಿ ಬರಬಹುದು, ಆದರೆ ಒಂದು ಭೇಟಿ ಗರಿಷ್ಠ ಆರು ತಿಂಗಳು. ಅವರು ಹಿಂದಿರುಗಿದ ಮೇಲೆ ಏನು ಎಂಬುದನ್ನು ಅವರು ಇರುವಾಗಲೇ ಗೊತ್ತುಮಾಡಿಕೊಳ್ಳಿ.

ನರ್ಸರಿಗೆ ಭೇಟಿ ಕೊಟ್ಟಾಗ ಗೋಡೆಯ ಚಿತ್ರಗಳಿಗಿಂತ ಅಲ್ಲಿರುವ ಜನರನ್ನು ನೋಡಿ. ಎರಡು ವರ್ಷದೊಳಗಿನ ಮೂವರು ಮಕ್ಕಳಿಗೆ ಒಬ್ಬರು, ಎರಡು ವರ್ಷದ ಐವರಿಗೆ ಒಬ್ಬರು ಇರಲೇಬೇಕು. ಪ್ರತಿ ಮಗುವಿಗೂ ಅದರ ಹೊಣೆ ಹೊರುವ ಒಬ್ಬರನ್ನು ‘ಕೀ ಪರ್ಸನ್’ ಎಂದು ನೇಮಿಸಬೇಕು. ನಿಮ್ಮ ಮಗುವಿಗೆ ಯಾರು, ಅವರು ರಜೆ ಹಾಕಿದಾಗ ಯಾರು ಎಂದು ಕೇಳಿ. ಮಗು ಹಸಿವು, ನೀರು, ಉಚ್ಚೆಗೆ ಬಳಸುವ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅವರಿಗೇ ಕೊಡಿ. ‘ನೀರು’ ಎಂದು ಅಳುವ ಮಗುವಿಗೆ ಲೋಟ ಸಿಕ್ಕರೆ ಅರ್ಧ ಅಳು ಅಲ್ಲಿಗೇ ನಿಲ್ಲುತ್ತದೆ.

ಸಸ್ಯಾಹಾರಿ ಎಂದು ಬಾಯಲ್ಲಿ ಹೇಳಿದರೆ ಸಾಲದು. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ, ಇನ್ನೊಂದು ಮಗುವಿನ ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ. ಏನು ಬೇಡ ಎಂಬುದನ್ನು ಬರೆದೇ ಕೊಡಿ. ಡಬ್ಬಿ ಕಳಿಸಬಹುದಾದರೆ ಶೇಂಗಾ ಚಟ್ನಿ ಬೇಡ, ಬಹಳ ಕಡೆ ಅದಕ್ಕೆ ನಿಷೇಧವಿದೆ.

ಮೊದಲ ಚಳಿಗಾಲದಲ್ಲಿ ಮಗುವಿಗೆ ಪದೇ ಪದೇ ನೆಗಡಿ ಬರುತ್ತದೆ. ವಾಂತಿ ಭೇದಿಯಾದರೆ ನಿಂತ ಮೇಲೂ 48 ಗಂಟೆ ನರ್ಸರಿಗೆ ಸೇರಿಸುವುದಿಲ್ಲ, ಆದರೂ ಆ ದಿನಗಳ ಶುಲ್ಕ ಕಟ್ಟಬೇಕಾಗುತ್ತದೆ. ಅಂಥ ದಿನ ಯಾರು ರಜೆ ಹಾಕುವುದು ಎಂಬುದನ್ನು ಇಬ್ಬರೂ ಕೂತು ಈಗಲೇ ಮಾತಾಡಿಕೊಳ್ಳಿ, ನಿಮ್ಮ ಮ್ಯಾನೇಜರ್‌ಗೂ ಮೊದಲೇ ತಿಳಿಸಿಡಿ.