ಹೊಸಬರಿಗೆ ಮಾರ್ಗದರ್ಶಿ: ಟಿಪ್ ಯಾರಿಗೆ, ಯಾವಾಗ, ಎಷ್ಟು

ಡಲ್ಲಾಸ್ ಕಡೆ ಹೊಸದಾಗಿ ಬಂದಿರೋ ಎಲ್ಲಾ ಕನ್ನಡ ಕುಟುಂಬಗಳಿಗೂ ನಮಸ್ಕಾರ. ಮನೆ, ಸ್ಕೂಲು, ಕಾರು ಇದರ ಬಗ್ಗೆ ಎಲ್ಲ ಬೇರೆ ಕಡೆ ಬರೆದಿದೀವಿ, ಇಲ್ಲಿ ಬರೀ ಟಿಪ್ ವಿಷಯ. ಬಂದ ಮೊದಲ ವಾರದಿಂದಲೇ ತಲೆ ತಿನ್ನೋದು ಇದು, ಆದ್ರೆ ಆಫೀಸಲ್ಲಿ ಯಾರನ್ನಾದ್ರೂ ಕೇಳೋಕೆ ಸಂಕೋಚ.

ಯಾಕೆ ಕೊಡ್ಬೇಕು

ಊರಲ್ಲಿ ಊಟ ಆದ್ಮೇಲೆ ಸೋಂಪಿನ ತಟ್ಟೇಲಿ ಹತ್ತೋ ಇಪ್ಪತ್ತೋ ಬಿಟ್ಟು ಎದ್ದು ಬರ್ತಿದ್ವಿ, ದರ್ಶಿನೀಲಂತೂ ಅದೂ ಇಲ್ಲ. ಅದು ನಮ್ಮ ಖುಷಿಗೆ ಕೊಡೋ ಭಕ್ಷೀಸು. ಇಲ್ಲಿ ಹಂಗಲ್ಲ. ಫೆಡರಲ್ ಮಿನಿಮಮ್ ವೇಜ್ ಗಂಟೆಗೆ 7.25 ಡಾಲರ್, ಆದ್ರೆ ಟಿಪ್ ಬರೋ ಕೆಲಸದವರಿಗೆ ಮಾಲೀಕ ಕೈಯಿಂದ ಬರೀ 2.13 ಡಾಲರ್ ಕೊಟ್ರೆ ಕಾನೂನು ಪ್ರಕಾರ ಸಾಕು, ಮಿಕ್ಕಿದ್ದು ಟಿಪ್‌ನಿಂದ ಬರ್ಬೇಕು, ಅಷ್ಟು ಬರ್ಲಿಲ್ಲ ಅಂದ್ರೆ ಮಾತ್ರ ಮಾಲೀಕ ತುಂಬಿಕೊಡ್ಬೇಕು. ಈ 2.13 ಅನ್ನೋದು 1991ರಿಂದ ಒಂದು ಸೆಂಟೂ ಏರಿಲ್ಲ, ಟೆಕ್ಸಾಸ್‌ನಲ್ಲೂ ಇದೇ ರೇಟು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಕಡೆ ಇದ್ದು ಬಂದವರು ಅಲ್ಲಿ ಟಿಪ್ ಬಿಟ್ಟು ಪೂರ್ತಿ ಮಿನಿಮಮ್ ವೇಜ್ ಕೊಡ್ತಾರೆ ಅಂತಾರೆ, ನಿಜ, ಆದ್ರೆ ನಾವಿರೋದು ಇಲ್ಲಿ. ಇನ್ನೊಂದು ವಿಷಯ, ಸರ್ವರ್ ತನಗೆ ಬಂದ ಟಿಪ್‌ನಲ್ಲಿ ಟೇಬಲ್ ಒರೆಸೋರಿಗೆ, ಬಾರಲ್ಲಿರೋರಿಗೆ ಪಾಲು ಕೊಡ್ಬೇಕು, ಎಷ್ಟೋ ಕಡೆ ಆ ಪಾಲನ್ನ ಬಿಲ್ ಮೊತ್ತದ ಮೇಲೆ ಲೆಕ್ಕ ಹಾಕ್ತಾರೆ. ಅಂದ್ರೆ ನೀವು ಸೊನ್ನೆ ಬರೆದು ಎದ್ದು ಬಂದ್ರೆ ನಿಮಗೆ ಬಡಿಸಿದೋರು ಕೈಯಿಂದ ಹಾಕ್ಬೇಕು.

ಕೂತು ತಿನ್ನೋ ರೆಸ್ಟೋರೆಂಟು

ಕಪ್ಪು ಫೋಲ್ಡರಲ್ಲಿ ಬಿಲ್ ತಂದಿಡ್ತಾರೆ, ನೀವು ಕಾರ್ಡ್ ಇಡ್ತೀರ, ಅವರು ತಗೊಂಡು ಹೋಗಿ ಕಾರ್ಡ್ ಜೊತೆ ಎರಡು ಚೀಟಿ, ಒಂದು ಪೆನ್ನು ತಂದು ಇಡ್ತಾರೆ. ಫೋನಿಗೆ ಆಗ್ಲೇ ಮೆಸೇಜ್ ಬಂದಿರತ್ತೆ, ದುಡ್ಡು ಕಟ್ ಆಯ್ತಲ್ಲ ಇನ್ನೇನು ಅಂತ ಎದ್ದು ಬರ್ಬೇಡಿ! ಚೀಟೀಲಿ ಟಿಪ್ ಅಂತ ಒಂದು ಗೆರೆ, ಕೆಳಗೆ ಟೋಟಲ್ ಅಂತ ಒಂದು ಗೆರೆ ಇರತ್ತೆ, ಎರಡನ್ನೂ ನೀವೇ ಬರೆದು ಸೈನ್ ಮಾಡಿ ಮರ್ಚೆಂಟ್ ಕಾಪಿ ಅಲ್ಲೇ ಬಿಡ್ಬೇಕು, ಇನ್ನೊಂದು ನಿಮ್ಮದು. ಒಂದೆರಡು ದಿನ ಬಿಟ್ಟು ಬ್ಯಾಂಕಲ್ಲಿ ಮೊತ್ತ ಟಿಪ್ ಸೇರಿ ಬದಲಾಗತ್ತೆ, ಎರಡು ಸಲ ಕಟ್ ಆಯ್ತು ಅಂತ ಗಾಬರಿ ಬೇಡ.

ಎಷ್ಟು ಅಂದ್ರೆ 15ರಿಂದ 20 ಪರ್ಸೆಂಟ್, ಈಗೀಗ ಎಷ್ಟೋ ಜನ 18ಕ್ಕಿಂತ ಕಮ್ಮಿ ಇಡಲ್ಲ. ಸುಲಭದ ಲೆಕ್ಕ ಹೇಳ್ತೀವಿ, ಡಲ್ಲಾಸಲ್ಲಿ ಸೇಲ್ಸ್ ಟ್ಯಾಕ್ಸ್ 8.25 ಪರ್ಸೆಂಟ್, ಬಿಲ್ಲಲ್ಲಿರೋ ಟ್ಯಾಕ್ಸನ್ನ ಡಬಲ್ ಮಾಡಿ ಸ್ವಲ್ಪ ಮೇಲೆ ಸೇರ್ಸಿ. ಊಟ 64 ಡಾಲರ್, ಟ್ಯಾಕ್ಸ್ 5.28, ಡಬಲ್ ಅಂದ್ರೆ ಹತ್ತೂವರೆ, 12 ಬರೀರಿ. ಊರಿಂದ ಬಂದಿರೋ ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಅದನ್ನ ರೂಪಾಯಿಗೆ ತಿರುಗಿಸಿ ಸಾವಿರ ರೂಪಾಯಿ ಟಿಪ್ಪಾ ಅಂತ ಬೈತಾರೆ, ಅವರಿಗೆ 2.13ರ ಕತೆ ಹೇಳಿ, ಸುಮ್ಮನಾಗ್ತಾರೆ. ಚಿಲ್ಲರೆ ಕಾಸು ಮಾತ್ರ ಬಿಡ್ಬೇಡಿ, ಅದು ಅವಮಾನ ಮಾಡ್ದಂಗೆ. ಬಫೆ ಆದ್ರೆ 10 ಪರ್ಸೆಂಟ್ ಸಾಕು.

ಗುಂಪಾಗಿ ಹೋದಾಗ (ದಯವಿಟ್ಟು ಪೂರ್ತಿ ಓದಿ)

ಇದು ನಮಗೆ ಮನಸ್ಸಿಗೆ ನೋವಾಗಿರೋ ವಿಷಯ ಅದಕ್ಕೇ ಉದ್ದ ಬರೀತಿದೀವಿ. ಯುಗಾದಿ ಕಾರ್ಯಕ್ರಮ ಮುಗಿಸಿ ಐದು ಫ್ಯಾಮಿಲಿ ಒಟ್ಟಿಗೆ ಊಟಕ್ಕೆ ಹೋಗ್ತೀವಿ, ನೀರಿಗೆ ಐಸ್ ಬೇಡ, ಮಕ್ಕಳಿಗೆ ಖಾರ ಬೇಡ, ಇನ್ನೊಂದು ಸ್ವಲ್ಪ ಚಟ್ನಿ, ಎರಡು ಖಾಲಿ ಪ್ಲೇಟು, ಸರ್ವರ್ ಎರಡು ಗಂಟೆ ಓಡಾಡಿರ್ತಾರೆ. ಕೊನೇಲಿ ಒಬ್ಬರು ಕಾರ್ಡ್ ಕೊಡ್ತಾರೆ, ಮಿಕ್ಕೋರು ಮೆನು ನೋಡಿ ನಂದು ಒಂದು ಮಸಾಲೆದೋಸೆ ಒಂದು ಕಾಫಿ ಅಂತ ಅಷ್ಟನ್ನೇ ಜೆಲ್ (ಫೋನಿಂದ ಬ್ಯಾಂಕಿಗೆ ದುಡ್ಡು ಕಳ್ಸೋದು) ಮಾಡ್ತಾರೆ, ಟ್ಯಾಕ್ಸೂ ಇಲ್ಲ ಟಿಪ್ಪೂ ಇಲ್ಲ. ಕಾರ್ಡ್ ಕೊಟ್ಟೋರು ಕೈಯಿಂದ ಹಾಕ್ಬೇಕು ಇಲ್ಲ ಟಿಪ್ ಕತ್ತರಿಸ್ಬೇಕು, ಆಗೋದು ಎರಡನೇದೇ. ಒಂದು ಕಡೆ ನಾವು ಕಮಿಟಿ ಊಟಕ್ಕೆ ಜಾಗ ಕೇಳೋಕೆ ಹೋದಾಗ ಮ್ಯಾನೇಜರ್ ನಮ್ಮ ಮುಖಕ್ಕೇ ಹೇಳಿದ್ರು, ನಿಮ್ಮವರು ಬಂದ್ರೆ 20 ಪರ್ಸೆಂಟ್ ಮೊದಲೇ ಹಾಕ್ತೀವಿ, ಹೋದ ಸಲ 300 ಡಾಲರ್ ಬಿಲ್ಲಿಗೆ 10 ಇಟ್ಟು ಹೋಗಿದ್ರು ಅಂತ. ರಾಜ್ಯೋತ್ಸವಕ್ಕೆ ಬಾವುಟ ಹಿಡಿದು ಕನ್ನಡಿಗರು ಅಂತ ಹೆಮ್ಮೆ ಪಡೋರು ನಾವು, ಆ ಮಾತು ಕೇಳಿಸ್ಕೊಂಡು ನಿಂತ್ಕೊಳೋದು ಎಷ್ಟು ಕಷ್ಟ ನೀವೇ ಯೋಚ್ನೆ ಮಾಡಿ.

ಅದಕ್ಕೆ ಒಂದೇ ಪದ್ಧತಿ ಇಟ್ಕೊಳಿ. ನಿಮ್ಮ ಪಾಲಿನ ಮೇಲೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿ ಕಳ್ಸಿ, ಟ್ಯಾಕ್ಸು ಟಿಪ್ಪು ಎರಡೂ ಬಂತು. ಆರೆಂಟು ಜನಕ್ಕಿಂತ ಜಾಸ್ತಿ ಇದ್ರೆ ಎಷ್ಟೋ ಕಡೆ 18 ಅಥವಾ 20 ಪರ್ಸೆಂಟ್ ಗ್ರಾಚ್ಯುಟಿ (ಇಲ್ಲಿ ಅಂದ್ರೆ ಟಿಪ್ಪೇ) ಅಂತ ಬಿಲ್ಲಲ್ಲೇ ಹಾಕಿರ್ತಾರೆ, ಅದನ್ನ ನೋಡಿ, ಮತ್ತೆ ಬರೀಬೇಕಾಗಿಲ್ಲ.

ಇನ್ನೊಂದು, ಅಮೆರಿಕನ್ ಹೋಟೆಲಲ್ಲಿ 20 ಇಟ್ಟು ನಮ್ಮ ಇಂಡಿಯನ್ ಹೋಟೆಲಿಗೆ ಬಂದಾಗ ನಮ್ಮೋರೇ ಅಲ್ವಾ ಅಂತ ಕೈ ಎಳ್ಕೊಳೋದು ತಪ್ಪು ರೀ. ಇಡ್ಲಿ ತಂದಿಡೋರಿಗೂ ಮನೆ ಬಾಡಿಗೆ ಅಷ್ಟೇ ಇದೆ.

ಮನೆಗೆ ತರ್ಸೋದು

ಆ್ಯಪಲ್ಲಿ ತೋರ್ಸೋ ಡೆಲಿವರಿ ಫೀ ಟಿಪ್ ಅಲ್ಲ. 15 ಪರ್ಸೆಂಟ್, ಚಿಕ್ಕ ಆರ್ಡರ್ ಆದ್ರೂ 4-5 ಡಾಲರ್. ಮಳೆ ಬರ್ತಿದ್ರೆ, ಮೂರನೇ ಮಹಡಿಗೆ 20 ಪೌಂಡ್ ಸೋನಾ ಮಸೂರಿ ಮೂಟೆ ಹೊತ್ತು ತಂದಿದ್ರೆ ಜಾಸ್ತಿ ಕೊಡಿ.

ಮಿಕ್ಕಿದ್ದು

ಕಟಿಂಗ್ ಶಾಪ್, ಪಾರ್ಲರ್: 15-20 ಪರ್ಸೆಂಟ್
ಟ್ಯಾಕ್ಸಿ, ಊಬರ್: 10-15 ಪರ್ಸೆಂಟ್
ವ್ಯಾಲೆ ಪಾರ್ಕಿಂಗ್: ಕಾರ್ ವಾಪಸ್ ತಂದಾಗ 3-5 ಡಾಲರ್
ಮನೆ ಸಾಮಾನು ಸಾಗಿಸೋರು: ಒಬ್ಬೊಬ್ಬರಿಗೆ 20 ಡಾಲರಿಂದ ಮೇಲೆ, ನೀರು ಕೊಡೋದು ಮರೀಬೇಡಿ
ಕೌಂಟರಲ್ಲಿ ನಿಂತು ಕಾಫಿ, ಪಾರ್ಸೆಲ್: ಸ್ಕ್ರೀನ್ ತಿರುಗಿಸಿ 18, 20, 25 ತೋರಿಸ್ತಾರೆ, ನೋ ಟಿಪ್ ಒತ್ತಿದ್ರೆ ಏನೂ ತಪ್ಪಿಲ್ಲ
ಮನೆಗೆ ಪೂಜೆಗೆ ಬರೋ ಅರ್ಚಕರು: ಅದು ದಕ್ಷಿಣೆ, ಬೇರೆ ಲೆಕ್ಕ
ಪೋಸ್ಟ್‌ನವರು: ಕ್ಯಾಶ್ ತಗೊಳ್ಳಂಗಿಲ್ಲ, ಹಬ್ಬಕ್ಕೆ 20 ಡಾಲರ್ ಒಳಗಿನ ಉಡುಗೊರೆ ಕೊಡ್ಬಹುದು
ಡಾಕ್ಟರ್, ನರ್ಸ್, ಬ್ಯಾಂಕ್, ದಿನಸಿ ಅಂಗಡಿ ಬಿಲ್ಲಿಂಗ್: ಬೇಡ

ಪೊಲೀಸು, ಲೈಸೆನ್ಸ್ ಆಫೀಸು, ಯಾವ ಸರ್ಕಾರಿ ಕೌಂಟರಲ್ಲೂ ಕಾಫಿಗೆ ಇಟ್ಕೊಳಿ ಅಂತ ಒಂದು ಡಾಲರ್ ಸಹ ಚಾಚ್ಬೇಡಿ. ಅದು ಲಂಚ, ಕೇಸ್ ಆಗತ್ತೆ, ವೀಸಾಗೇ ಕುತ್ತು.

ಹೋಟೆಲ್ ರೂಮಲ್ಲಿ ಉಳ್ಕೊಂಡ್ರೆ ಕ್ಲೀನ್ ಮಾಡೋರಿಗೆ ರಾತ್ರಿಗೆ 3-5 ಡಾಲರ್, ಕೊನೇ ದಿನ ಒಟ್ಟಿಗೆ ಅಲ್ಲ, ದಿನಾ ಇಡಿ, ಯಾಕಂದ್ರೆ ದಿನಾ ಒಬ್ಬರೇ ಬರಲ್ಲ. ಸುಮ್ನೆ ಟೇಬಲ್ ಮೇಲೆ ಬಿಟ್ರೆ ಗೆಸ್ಟ್ ಮರೆತಿರೋ ದುಡ್ಡು ಅಂತ ಅವರು ಮುಟ್ಟಲ್ಲ, ಒಂದು ಚೀಟೀಲಿ ಥ್ಯಾಂಕ್ ಯೂ ಅಂತ ಬರೆದು ಅದರ ಮೇಲೆ ನೋಟು ಇಡಿ.