ಗ್ವಾಂಗ್‌ಹ್ವಾಮುನ್ ಬಾಗಿಲಲ್ಲಿ ಅಮ್ಮ ಕೇಳಿದ ವಾಲಗ

ಅಮ್ಮ ಮಂಡ್ಯದಿಂದ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಬಂದ ಮೊದಲ ವಾರವೇ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಕರೆದುಕೊಂಡು ಹೋದೆ. ಬಾಗಿಲು ಹಾಕಿತ್ತು. ಅವತ್ತು ಮಂಗಳವಾರ, ಅರಮನೆಗೆ ವಾರದ ರಜೆ. ಹಳೆಯ ಕಾಲದ ಉಡುಗೆಯಲ್ಲಿ ಅಲ್ಲಿ ಮಾಡಿ ತೋರಿಸುವ ಕಾವಲು ಬದಲಾವಣೆಯೂ ಇರುವುದಿಲ್ಲ. ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಅಮ್ಮನನ್ನು ಅಷ್ಟು ದೂರ ನಡೆಸಿ ಸುಮ್ನೆ ವಾಪಸ್ ಕರೆತಂದಿದ್ದಕ್ಕೆ ತುಂಬಾ ಬೇಜಾರಾಯಿತು.

ಗುರುವಾರ ಮತ್ತೆ ಹೊರಟೆವು. ಮೆಟ್ರೊ 3ನೇ ಲೈನಿನ ಗ್ಯೊಂಗ್‌ಬೊಕ್‌ಗುಂಗ್ ಸ್ಟೇಷನ್‌ನಲ್ಲಿ ಇಳಿದು 5ನೇ ದಾರಿಯಿಂದ ಹೊರಗೆ ಬಂದರೆ ಅರಮನೆ ಪಕ್ಕದಲ್ಲೇ. ಕಾವಲು ಬದಲಾವಣೆ ಬೆಳಿಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ, ಸುಮಾರು 20 ನಿಮಿಷ. ಜೋರು ಮಳೆ ಬಂದರೆ ನಿಲ್ಲಿಸುತ್ತಾರೆ. ಹೆಬ್ಬಾಗಿಲು ಗ್ವಾಂಗ್‌ಹ್ವಾಮುನ್ ದಾಟಿದ ಮೇಲೆ, ಎರಡನೇ ಬಾಗಿಲಿಗೆ ಮುಂಚೆ ಇರುವ ಅಂಗಳದಲ್ಲಿ ಇದು ನಡೆಯುತ್ತದೆ. ಟಿಕೆಟ್ ಕೇಳುವುದು ಎರಡನೇ ಬಾಗಿಲಲ್ಲಿ. ಹಾಗಾಗಿ ಇಷ್ಟನ್ನು ನೋಡಲು ದುಡ್ಡು ಬೇಕಿಲ್ಲ. ನಾವು ಅರ್ಧ ಗಂಟೆ ಮುಂಚೆಯೇ ಹೋಗಿ ನಿಂತೆವು.

ಮೊದಲು ದೊಡ್ಡ ನಗಾರಿ. ಅದರ ಪೆಟ್ಟು ಎದೆಗೇ ತಾಗುತ್ತದೆ. ಇಲ್ಲಿ ನಗಾರಿಯೇ ಅಪ್ಪಣೆ. ಅದು ಬಡಿದ ಮೇಲೆಯೇ ಮುಂದಿನ ಹೆಜ್ಜೆ. ಕೆಂಪು, ನೀಲಿ ನಿಲುವಂಗಿಯ ಕಾವಲುಗಾರರು ಬಾವುಟ ಹಿಡಿದು ಸಾಲಾಗಿ ಬಂದರು. ಅಗಲ ಅಂಚಿನ ಕಪ್ಪು ಟೋಪಿ, ಸೊಂಟದಲ್ಲಿ ಕತ್ತಿ, ಕೆಲವರ ಬೆನ್ನ ಮೇಲೆ ಬಾಣಗಳು. ಹಳದಿ ಬಟ್ಟೆಯ ವಾದ್ಯದವರೂ ಜೊತೆಗಿದ್ದರು. ಉದ್ದನೆಯ ಹಿತ್ತಾಳೆ ಕಹಳೆ, ಶಂಖ, ತಾಳ, ಅದರ ಮೇಲೆ ತೇಪ್ಯೊಂಗ್ಸೊ ಅನ್ನುವ ಊದುವ ವಾದ್ಯ.

'ನಮ್ಮೂರ ವಾಲಗ ಇದ್ದ ಹಾಗೇ ಇದೆ ಅಲ್ವಾ?' ಅಂದಳು ಅಮ್ಮ. ನಿಜ. ಮರದ ಕೊಳವೆ, ತುದಿಯಲ್ಲಿ ಲೋಹದ ಬಾಯಿ, ಊದಲು ಪೀಪಿ. ನಾನು ಅಲ್ಲಿಯವರೆಗೆ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ಆ ಮಾತು ಕೇಳಿ ಫೋನ್ ಜೇಬಿಗೆ ಹಾಕಿದೆ.

ನನಗೆ ಅತಿ ಇಷ್ಟವಾಗಿದ್ದು ನಡುವಿನ ಒಂದು ಚಿಕ್ಕ ಕೆಲಸ. ಹಳೆಯ ದಳದ ಮುಖ್ಯಸ್ಥ, ಹೊಸ ದಳದ ಮುಖ್ಯಸ್ಥ ಎದುರೆದುರು ನಿಂತು ಒಬ್ಬರ ಗುರುತು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಈ ಹುದ್ದೆಯ ಹೆಸರು ಸುಮುಂಜಾಂಗ್, ಅಂದರೆ ಬಾಗಿಲು ಕಾಯುವವರ ಮುಖ್ಯಸ್ಥ. ಆ ಹುದ್ದೆ ಶುರುವಾದದ್ದು 1469ರಲ್ಲಿ. ಎಷ್ಟೇ ಠೀವಿಯಿಂದ ಬಂದರೂ ಗುರುತು ಸರಿಹೋಗದೆ ಬಾಗಿಲು ಸಿಗುವುದಿಲ್ಲ. ಗಮನವಿಟ್ಟು ನೋಡದಿದ್ದರೆ ಈ ಗಳಿಗೆ ಕೈತಪ್ಪುತ್ತದೆ. ಇಂಗ್ಲಿಷಿನಲ್ಲೂ ವಿವರಣೆ ಹೇಳುತ್ತಾರೆ, ಕಿವಿಗೊಡಿ.

'ರಾಜನೇ ಇಲ್ಲವಲ್ಲ, ಯಾರನ್ನು ಕಾಯ್ತಾರೆ?' ಅಂತ ಅಮ್ಮ ಕೇಳಿದಳು. ನಾನು ಆ ಬಾಗಿಲಿನ ಕಥೆ ಹೇಳಿದೆ. ಆಗ ಕೊರಿಯಾವನ್ನು ಆಳುತ್ತಿದ್ದ ಜೊಸೊನ್ ವಂಶದ ರಾಜರು 1395ರಲ್ಲಿ ಕಟ್ಟಿದ ಅರಮನೆ ಇದು. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಸುಟ್ಟುಹೋಯಿತು. ಎರಡೂವರೆ ಶತಮಾನಕ್ಕೂ ಜಾಸ್ತಿ ಕಾಲ ಹಾಳುಬಿದ್ದಿತ್ತು. 1860ರ ದಶಕದಲ್ಲಿ ಮತ್ತೆ ಎದ್ದಿತು. ಜಪಾನಿನ ಆಳ್ವಿಕೆಯಲ್ಲಿ ಅಂಗಳದೊಳಗೇ ಸರ್ಕಾರಿ ಕಟ್ಟಡ ಎಬ್ಬಿಸಿ, ಗ್ವಾಂಗ್‌ಹ್ವಾಮುನ್ ಬಾಗಿಲನ್ನೇ ಕಿತ್ತು ಬೇರೆ ಕಡೆ ಇಟ್ಟರು. ಕೊರಿಯಾ ಯುದ್ಧದಲ್ಲಿ ಅದರ ಮರದ ಭಾಗ ಸುಟ್ಟಿತು. 1968ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದರು. ಕೊನೆಗೆ 2010ರಲ್ಲಿ ಮರದಲ್ಲೇ, ಮೊದಲಿನ ಜಾಗದಲ್ಲೇ ನಿಲ್ಲಿಸಿದರು. ಅಮ್ಮ ತಲೆಯೆತ್ತಿ ಬಾಗಿಲನ್ನು ಬಹಳ ಹೊತ್ತು ನೋಡಿದಳು. 'ಹಂಗಾದ್ರೆ ಬಾಗಿಲನ್ನೇ ಕಾಯ್ಲಿ ಬಿಡು' ಅಂದಳು.

ಆಮೇಲೆ ತಲಾ 3,000 ವೊನ್ ಕೊಟ್ಟು ಒಳಗೆ ಹೋದೆವು. ಕೊರಿಯಾದ ಸಾಂಪ್ರದಾಯಿಕ ಉಡುಗೆ ಹನ್‌ಬೊಕ್ ತೊಟ್ಟು ಬಂದರೆ ಟಿಕೆಟ್ ಬೇಡ. ಸುತ್ತಮುತ್ತ ಬಾಡಿಗೆಗೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಅಮ್ಮ ಸೀರೆ ಬಿಡಲಿಲ್ಲ. ಸಿಂಹಾಸನದ ಅಂಗಳದಲ್ಲಿ ಎರಡು ಸಾಲು ಪುಟ್ಟ ಕಲ್ಲುಗಳಿವೆ. ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕು ಅಂತ ಅವುಗಳ ಮೇಲೆ ಕೊರೆದಿದ್ದಾರೆ. ಕೊಳದ ಮಧ್ಯೆ 48 ಕಲ್ಲುಕಂಬಗಳ ಮೇಲೆ ಗ್ಯೊಂಗ್‌ಹೋರು ಮಂಟಪ. ಅದರ ದಡದಲ್ಲಿ ಕೂತು, ತಂದಿದ್ದ ಚಪಾತಿ ನೆನಪಾದರೂ ಚೀಲದಿಂದ ತೆಗೆಯಲಿಲ್ಲ. ಊಟಕ್ಕೆ ಹೊರಗೆ ಹೋಗೋಣ ಅಂದೆ.

'ಎರಡು ಗಂಟೆಗೆ ಇನ್ನೊಂದು ಸಲ ಇದೆ ಅಂದ್ಯಲ್ಲ?' ಅಂದಳು ಅಮ್ಮ.

ಹೊರಗೆ ಬೇಗ ಊಟ ಮುಗಿಸಿ, ಒಂದೂವರೆಗೆ ಅಂಗಳಕ್ಕೆ ವಾಪಸ್ ಬಂದೆವು. ನಗಾರಿ ಬಡಿದಾಗ ಅಮ್ಮ ಎಲ್ಲರಿಗಿಂತ ಮುಂದೆ, ವಾಲಗದವರ ಕಡೆ ತಿರುಗಿ ನಿಂತಿದ್ದಳು.